ಯು. ಆರ್. ರಾವ್

ಉಡುಪಿ ರಾಮಚಂದ್ರ ರಾವ್ (10 ಮಾರ್ಚ್ 1932 – 24 ಜುಲೈ 2017) ಭಾರತದ ಬಾಹ್ಯಾಕಾಶ ವಿಜ್ಞಾನಿ. ಯು. ಆರ್. ರಾವ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಇವರು ದೇಶದ ಮೊದಲ ಉಪಗ್ರಹವಾದ ಆರ್ಯಭಟದ ನಿರ್ಮಾಣಕ್ಕೆ ನೇತೃತ್ವ ವಹಿಸಿದರು. 1984ರಿಂದ 1994ರವರೆಗೆ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ (ಇಸ್ರೋ) ಅಧ್ಯಕ್ಷರಾಗಿಯೂ ಕೇಂದ್ರ ಸರ್ಕಾರದ ಬಾಹ್ಯಾಕಾಶ ಇಲಾಖೆಯ ಕಾರ್ಯದರ್ಶಿಯಾಗಿಯೂ ಸೇವೆ ಸಲ್ಲಿಸಿದರು. ಉಪಗ್ರಹಗಳ ನಿರ್ಮಾತೃ ಎಂದು ಹೆಸರಾಗುವುದಕ್ಕೆ ಮೊದಲು ಅವರು ವಿಶ್ವಕಿರಣಗಳ ಸಂಶೋಧಕರಾಗಿದ್ದರು. 1960ರ ದಶಕದಲ್ಲಿ ಅಮೆರಿಕದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕೆಲಸ ಮಾಡುತ್ತ, ಗ್ರಹಗಳ ನಡುವಿನ ಅವಕಾಶದಲ್ಲಿ ಸಂಚರಿಸಿದ ನೌಕೆಗಳ ವೈಜ್ಞಾನಿಕ ಉಪಕರಣಗಳಲ್ಲಿಯೂ ಅವುಗಳ ಮಾಹಿತಿಯ ವಿಶ್ಲೇಷಣೆಯಲ್ಲಿಯೂ ಪಾಲ್ಗೊಂಡರು. ಆ ಅನುಭವವೇ ಮುಂದೆ ಭಾರತದ ಉಪಗ್ರಹ ಕಾರ್ಯಕ್ರಮಕ್ಕೆ ಬುನಾದಿಯಾಯಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾವ್ ಅವರು ಹುಟ್ಟಿದ್ದು ಉಡುಪಿಯ ಸಮೀಪದ ಅದಮಾರು ಎಂಬ ಹಳ್ಳಿಯಲ್ಲಿ. ಆಗ ಈ ಪ್ರದೇಶವು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ತಂದೆ ಲಕ್ಷ್ಮೀನಾರಾಯಣ ಆಚಾರ್ಯ, ತಾಯಿ ಕೃಷ್ಣವೇಣಿ ಅಮ್ಮ. ಪ್ರಾಥಮಿಕ ಶಿಕ್ಷಣ ಅದಮಾರಿನಲ್ಲಿಯೂ ಪ್ರೌಢ ಶಿಕ್ಷಣ ಉಡುಪಿಯ ಕ್ರಿಶ್ಚಿಯನ್ ಪ್ರೌಢಶಾಲೆಯಲ್ಲಿಯೂ ನಡೆಯಿತು. ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ, ಅನಂತಪುರದ ಸರ್ಕಾರಿ ಕಾಲೇಜಿನಿಂದ ವಿಜ್ಞಾನ ಪದವಿ ಪಡೆದರು. ಅಲ್ಲಿಂದ ಕಾಶಿಗೆ ತೆರಳಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ 1953ರಲ್ಲಿ ಭೌತವಿಜ್ಞಾನದ ಸ್ನಾತಕೋತ್ತರ ಪದವಿಯನ್ನು ಗಳಿಸಿದರು.

ಅನಂತರ ಅವರು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯವನ್ನು ಸೇರಿ ವಿಕ್ರಮ್ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಕುರಿತು ಸಂಶೋಧನೆ ನಡೆಸಿದರು. ವಿಶ್ವಕಿರಣಗಳೆಂದರೆ ಹೊರ ಆಕಾಶದಿಂದ ಭೂಮಿಯತ್ತ ಬರುವ, ಬಹಳ ಹೆಚ್ಚು ಶಕ್ತಿಯುಳ್ಳ ಸೂಕ್ಷ್ಮ ಕಣಗಳು. ಅವುಗಳ ಪ್ರಮಾಣವು ದಿನದ ಅವಧಿಯಲ್ಲಿಯೂ ಸೂರ್ಯನ ಚಟುವಟಿಕೆಯನ್ನು ಅನುಸರಿಸಿಯೂ ಏರಿಳಿಯುತ್ತದೆ. ಈ ಏರಿಳಿತಕ್ಕೆ ಕಾರಣವೇನೆಂಬುದು ಸಾರಾಭಾಯಿಯವರ ಬಳಗವನ್ನು ಕಾಡುತ್ತಿದ್ದ ಪ್ರಶ್ನೆ. 1960ರಲ್ಲಿ ಗುಜರಾತ್ ವಿಶ್ವವಿದ್ಯಾಲಯವು ರಾವ್ ಅವರಿಗೆ ಡಾಕ್ಟರೇಟ್ ಪದವಿ ನೀಡಿತು.

ನೆಲದ ಮೇಲಿನ ಉಪಕರಣಗಳಿಗೆ ಒಂದು ಮಿತಿಯಿತ್ತು. ಭೂಮಿಯ ವಾತಾವರಣವೂ ಕಾಂತಕ್ಷೇತ್ರವೂ ಕಣಗಳನ್ನು ತಡೆಯುತ್ತವೆ, ಅವುಗಳ ದಾರಿಯನ್ನು ಬಾಗಿಸುತ್ತವೆ. ಆದ್ದರಿಂದ ಕಣಗಳು ಮೂಲತಃ ಯಾವ ದಿಕ್ಕಿನಿಂದ ಹೊರಟವು ಎಂಬುದನ್ನು ನೇರವಾಗಿ ಅಳೆಯಬೇಕಾದರೆ ಉಪಕರಣವನ್ನು ಭೂಮಿಯ ಪ್ರಭಾವದಿಂದ ಆಚೆಗೆ ಒಯ್ಯಬೇಕಿತ್ತು. ಅದಕ್ಕೆ ಬೇಕಾದ ರಾಕೆಟ್ಟುಗಳು ಆಗ ಭಾರತದಲ್ಲಿ ಇರಲಿಲ್ಲ.

ಮ್ಯಾರಿನರ್–2 ಮತ್ತು ಸೌರಮಾರುತ

1961ರಲ್ಲಿ ರಾವ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಸಂಶೋಧನೆಗಾಗಿ ತೆರಳಿದರು. ಮರುವರ್ಷ, 1962ರ ಆಗಸ್ಟ್ 27ರಂದು, ಮ್ಯಾರಿನರ್–2 ನೌಕೆಯು ಶುಕ್ರಗ್ರಹದತ್ತ ಹೊರಟಿತು. ಡಿಸೆಂಬರ್ 14ರಂದು ಅದು ಶುಕ್ರನಿಂದ ಸುಮಾರು 35,000 ಕಿ.ಮೀ. ದೂರದಲ್ಲಿ ಹಾದುಹೋಗಿ, ಬೇರೊಂದು ಗ್ರಹದ ಸಮೀಪದಿಂದ ಯಶಸ್ವಿಯಾಗಿ ಮಾಹಿತಿ ಕಳುಹಿಸಿದ ಮೊದಲ ನೌಕೆಯೆನಿಸಿತು.

ಈ ನೌಕೆಯಲ್ಲಿ ಸೂರ್ಯನಿಂದ ಹೊರಬರುವ ವಿದ್ಯುದಾವೇಶಯುಕ್ತ ಕಣಗಳನ್ನು ಅಳೆಯುವ ಉಪಕರಣವೊಂದಿತ್ತು. ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ನಿರ್ವಹಣೆಯಲ್ಲಿರುವ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಮಾರ್ಸಿಯಾ ನ್ಯೂಗೆಬಾವರ್ ಮತ್ತು ಕಾನ್ವೇ ಸ್ನೈಡರ್ ಅದರ ಹೊಣೆ ಹೊತ್ತಿದ್ದರು. ಸೂರ್ಯನಿಂದ ಕಣಗಳ ಪ್ರವಾಹವೊಂದು ಎಡೆಬಿಡದೆ ಹೊರಗೆ ಬೀಸುತ್ತಿರಬೇಕೆಂದು ಯೂಜೀನ್ ಪಾರ್ಕರ್ 1958ರಲ್ಲಿಯೇ ಸೈದ್ಧಾಂತಿಕವಾಗಿ ಪ್ರತಿಪಾದಿಸಿದ್ದರು. ಅದು ನಿಜವೇ, ನಿಜವಾದರೆ ಅದು ಸದಾ ಬೀಸುತ್ತದೆಯೇ ಅಥವಾ ಸೂರ್ಯನಲ್ಲಿ ಸ್ಫೋಟಗಳಾದಾಗ ಮಾತ್ರವೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿರಲಿಲ್ಲ. ಮ್ಯಾರಿನರ್–2ರ ಉಪಕರಣವು ಶುಕ್ರನತ್ತ ಸಾಗುವ ದಾರಿಯುದ್ದಕ್ಕೂ ಈ ಪ್ರವಾಹವನ್ನು ದಾಖಲಿಸಿತು. ಸೌರಮಾರುತವು ನಿರಂತರವಾದುದು ಎಂಬುದು ಇದರಿಂದ ಖಚಿತವಾಯಿತು.

1963ರಲ್ಲಿ ಸ್ನೈಡರ್, ನ್ಯೂಗೆಬಾವರ್ ಮತ್ತು ರಾವ್ ಈ ಮಾಹಿತಿಯನ್ನು ಆಧರಿಸಿ ಜಂಟಿಯಾಗಿ ಸಂಶೋಧನಾ ಪ್ರಬಂಧವೊಂದನ್ನು ಪ್ರಕಟಿಸಿದರು. ಸೌರಮಾರುತದ ವೇಗ ಹೆಚ್ಚಿದ ದಿನಗಳಲ್ಲಿ ಭೂಮಿಯ ಕಾಂತಕ್ಷೇತ್ರದ ಕ್ಷೋಭೆಯೂ ಹೆಚ್ಚುತ್ತದೆ ಎಂಬ ಸಂಬಂಧವನ್ನು ಅದು ತೋರಿಸಿಕೊಟ್ಟಿತು. ಸೂರ್ಯನು ಭೂಮಿಯ ದೃಷ್ಟಿಯಲ್ಲಿ ಸುಮಾರು 27 ದಿನಗಳಿಗೊಮ್ಮೆ ಒಂದು ಸುತ್ತು ತಿರುಗುತ್ತಾನೆ. ವೇಗದ ಪ್ರವಾಹಗಳೂ ಅದೇ ಲಯದಲ್ಲಿ ಮರಳಿ ಬರುತ್ತಿದ್ದುವು. ಉಪಗ್ರಹಗಳು, ರೇಡಿಯೊ ಸಂಪರ್ಕ ಮತ್ತು ವಿದ್ಯುತ್ ಜಾಲಗಳ ಸುರಕ್ಷತೆಗಾಗಿ ಇಂದು ನಡೆಯುವ ಬಾಹ್ಯಾಕಾಶ ಹವಾಮಾನದ ಅಧ್ಯಯನಕ್ಕೆ ಇಂತಹ ಆರಂಭಿಕ ಸಂಶೋಧನೆಗಳೇ ಆಧಾರ.

ಪಯೋನೀರ್ ನೌಕೆಗಳ ಉಪಕರಣ

1963ರಲ್ಲಿ ರಾವ್ ಅವರು ಟೆಕ್ಸಸ್ ರಾಜ್ಯದ ಡಲ್ಲಾಸ್ ನಗರದ ಉನ್ನತ ಸಂಶೋಧನಾ ಸಂಸ್ಥೆಯೊಂದನ್ನು ಸೇರಿದರು. 1969ರಲ್ಲಿ ಇದೇ ಸಂಸ್ಥೆಯು ಡಲ್ಲಾಸಿನ ಟೆಕ್ಸಸ್ ವಿಶ್ವವಿದ್ಯಾಲಯವಾಯಿತು. ಅಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಕೆನೆತ್ ಮೆಕ್‌ಕ್ರಾಕೆನ್ ಮತ್ತು ಇತರರೊಡನೆ ಪಯೋನೀರ್ ನೌಕೆಗಳಿಗಾಗಿ ವಿಶ್ವಕಿರಣಗಳ ದಿಕ್ಕನ್ನು ಅಳೆಯುವ ಉಪಕರಣದ ಕಾರ್ಯದಲ್ಲಿ ತೊಡಗಿದರು.

ಪಯೋನೀರ್–6 ನೌಕೆಯು 1965ರ ಡಿಸೆಂಬರ್ 16ರಂದು, ಪಯೋನೀರ್–7 ನೌಕೆಯು 1966ರ ಆಗಸ್ಟ್ 17ರಂದು ಉಡಾವಣೆಗೊಂಡವು. ಮೊದಲನೆಯದು ಭೂಮಿಯ ಕಕ್ಷೆಯ ಒಳಬದಿಯಲ್ಲಿ, ಎರಡನೆಯದು ಹೊರಬದಿಯಲ್ಲಿ ಸೂರ್ಯನನ್ನು ಸುತ್ತತೊಡಗಿದುವು. ಸುಮಾರು 63 ಕಿ.ಗ್ರಾಂ. ತೂಕದ, ಡೋಲಿನ ಆಕಾರದ ಈ ನೌಕೆಗಳು ಬುಗುರಿಯಂತೆ ತಮ್ಮ ಅಕ್ಷದ ಸುತ್ತ ನಿಮಿಷಕ್ಕೆ ಸುಮಾರು 60 ಬಾರಿ ತಿರುಗುತ್ತ ಸಮತೋಲ ಕಾಯ್ದುಕೊಳ್ಳುತ್ತಿದ್ದುವು. ಪಯೋನೀರ್–6ರಲ್ಲಿ ಡಲ್ಲಾಸ್ ಸಂಸ್ಥೆಯ ಉಪಕರಣವಲ್ಲದೆ ಷಿಕಾಗೊ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಹಾಗೂ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಉಪಕರಣಗಳೂ ಇದ್ದುವು.

ಡಲ್ಲಾಸ್ ಉಪಕರಣದ ತತ್ತ್ವ ಸರಳವಾದುದು. ಅದರ ಹೃದಯದಲ್ಲಿದ್ದುದು ಸೀಸಿಯಂ ಅಯೊಡೈಡಿನ ಹರಳು. ವೇಗವಾಗಿ ಬರುವ ಕಣವೊಂದು ಹರಳನ್ನು ಹೊಕ್ಕಾಗ ಅದರಲ್ಲಿ ಕ್ಷಣಮಾತ್ರದ ಬೆಳಕು ಮಿನುಗುತ್ತದೆ. ಬೆಳಕಿನ ಪ್ರಮಾಣದಿಂದ ಕಣವು ಹರಳಿನಲ್ಲಿ ಬಿಟ್ಟುಕೊಟ್ಟ ಶಕ್ತಿ ತಿಳಿಯುತ್ತದೆ. ಹರಳಿನ ಸುತ್ತ ಬಟ್ಟಲಿನಂತಿದ್ದ ಪ್ಲಾಸ್ಟಿಕ್ ಹೊದಿಕೆಯೂ ಇದೇ ರೀತಿ ಮಿನುಗುವಂಥದು. ಹೊದಿಕೆ ಮತ್ತು ಹರಳು ಎರಡೂ ಒಟ್ಟಿಗೆ ಮಿನುಗಿದರೆ, ಕಣವು ಬೇಡದ ಬದಿಯಿಂದ ಬಂದಿದೆ ಎಂದು ಆ ಎಣಿಕೆಯನ್ನು ಕೈಬಿಡಲಾಗುತ್ತಿತ್ತು. ಹೀಗೆ ಉಪಕರಣಕ್ಕೆ ಒಂದೇ ದಿಕ್ಕಿನ ದೃಷ್ಟಿ ದೊರೆಯಿತು. ನೌಕೆ ತಿರುಗಿದಂತೆ ಆ ದೃಷ್ಟಿಯೂ ಸುತ್ತಲಿನ ಆಕಾಶವನ್ನು ಗುಡಿಸುತ್ತ ಹೋಗುತ್ತಿತ್ತು. ಒಂದು ಸುತ್ತನ್ನು ನಾಲ್ಕು ಸಮಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗದಲ್ಲಿ ಬಂದ ಕಣಗಳನ್ನು ಪ್ರತ್ಯೇಕವಾಗಿ ಎಣಿಸಲಾಗುತ್ತಿತ್ತು. ನಾಲ್ಕು ಎಣಿಕೆಗಳನ್ನು ಹೋಲಿಸಿದರೆ ಕಣಗಳು ಹೆಚ್ಚಾಗಿ ಯಾವ ಕಡೆಯಿಂದ ಬರುತ್ತಿವೆ ಎಂಬುದು ತಿಳಿಯುತ್ತಿತ್ತು.

ದೊರೆತ ಉತ್ತರ ಮಹತ್ತ್ವದ್ದಾಗಿತ್ತು. ಸೂರ್ಯನ ಮೇಲೆ ಸ್ಫೋಟವಾದ ಬಳಿಕ ಕಣಗಳು ಸೂರ್ಯನಿಂದ ನೇರ ರೇಖೆಯಲ್ಲಿ ಬರುತ್ತಿರಲಿಲ್ಲ. ಆರಂಭದಲ್ಲಿ ಅವು ಸೂರ್ಯನಿಂದ ಪಶ್ಚಿಮಕ್ಕೆ ಸುಮಾರು 45 ಡಿಗ್ರಿ ಸರಿದ ದಿಕ್ಕಿನಿಂದ ಬರುತ್ತಿದ್ದುವು. ತಿರುಗುತ್ತಿರುವ ಸೂರ್ಯನಿಂದ ಹೊರಟ ಕಾಂತರೇಖೆಗಳು, ತಿರುಗುವ ಕೊಳವೆಯಿಂದ ಚಿಮ್ಮುವ ನೀರಿನ ಧಾರೆಯಂತೆ, ಸುರುಳಿಯಾಗಿ ಬಾಗಿರುತ್ತವೆ. ಕಣಗಳು ಆ ಬಾಗಿದ ದಾರಿಯನ್ನೇ ಹಿಡಿದು ಬರುತ್ತವೆ. ದಿನಗಳು ಕಳೆದಂತೆ ಈ ಚಿತ್ರ ಬದಲಾಗಿ, ಸೌರಮಾರುತವು ಕಣಗಳನ್ನು ತನ್ನೊಡನೆ ಹೊರಕ್ಕೆ ಕೊಂಡೊಯ್ಯುವುದು ಕಂಡುಬರುತ್ತಿತ್ತು. ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ನೆಲದ ಮೇಲಿನ ಏರಿಳಿತಗಳಿಂದ ಆರಂಭವಾಗಿದ್ದ ಪ್ರಶ್ನೆಗೆ ಗ್ರಹಗಳ ನಡುವೆಯೇ ನಿಂತು ಉತ್ತರ ಹುಡುಕಲು ಇದರಿಂದ ಸಾಧ್ಯವಾಯಿತು. ಎಕ್ಸ್‌ಪ್ಲೋರರ್ ಸರಣಿಯ ನೌಕೆಗಳ ಪ್ರಯೋಗಗಳಲ್ಲಿಯೂ ರಾವ್ ಅವರ ಪಾತ್ರವಿತ್ತು.

ಕೆಲವೇ ತಿಂಗಳ ಕೆಲಸಕ್ಕೆಂದು ರೂಪಿಸಿದ್ದ ಪಯೋನೀರ್–6, ಉಡಾವಣೆಯಾಗಿ 35 ವರ್ಷ ತುಂಬುವ ಹೊತ್ತಿಗೆ, 2000ದ ಡಿಸೆಂಬರಿನಲ್ಲಿಯೂ ಭೂಮಿಯ ಸಂಪರ್ಕಕ್ಕೆ ಸಿಕ್ಕಿತು.

ಭಾರತಕ್ಕೆ ಮರಳಿದ ನಂತರ

1966ರಲ್ಲಿ ರಾವ್ ಅವರು ಭಾರತಕ್ಕೆ ಹಿಂದಿರುಗಿ, ಅಹಮದಾಬಾದಿನ ಪ್ರಯೋಗಾಲಯದಲ್ಲಿ ಪ್ರಾಧ್ಯಾಪಕರಾದರು. ತಮ್ಮ ಉಪಕರಣಗಳು ಅಂತರಿಕ್ಷದಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ, ಸ್ವಂತ ಉಪಗ್ರಹವೇ ಇಲ್ಲದ ದೇಶಕ್ಕೆ ಮರಳುವ ನಿರ್ಧಾರವದು. ಇಲ್ಲಿ ಅವರು ಬಲೂನುಗಳು ಮತ್ತು ಕೇರಳದ ತುಂಬಾದಿಂದ ಹಾರಿಸಿದ ರಾಕೆಟ್ಟುಗಳ ನೆರವಿನಿಂದ ಆಕಾಶದ ಕ್ಷ-ಕಿರಣ ಮೂಲಗಳ ಅಧ್ಯಯನ ನಡೆಸಿದರು.

ಭಾರತವು ಉಪಗ್ರಹವನ್ನು ತಾನೇ ನಿರ್ಮಿಸಬೇಕೆಂಬ ಯೋಚನೆ ಮೊಳೆತಾಗ ಸಾರಾಭಾಯಿಯವರು ಅದರ ಹೊಣೆಯನ್ನು ತಮ್ಮ ಹಳೆಯ ಶಿಷ್ಯನಿಗೆ ವಹಿಸಿದರು. ಅಂತರಿಕ್ಷ ನೌಕೆಯೊಳಗಿನ ಉಪಕರಣಗಳ ನೇರ ಅನುಭವವುಳ್ಳವರು ಆಗ ದೇಶದಲ್ಲಿ ತೀರ ವಿರಳವಾಗಿದ್ದರು. 1971ರ ಡಿಸೆಂಬರ್ 30ರಂದು ಸಾರಾಭಾಯಿಯವರು ಹಠಾತ್ತನೆ ನಿಧನರಾದರು. ಅವರ ತರುವಾಯ ಇಸ್ರೋದ ಹೊಣೆ ಹೊತ್ತ ಸತೀಶ್ ಧವನ್ ಅವರು ಈ ಯೋಜನೆಯನ್ನು ಮುಂದುವರಿಸಿದರು. 1972ರ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದ ವಿಜ್ಞಾನ ಅಕಾಡೆಮಿಯೊಡನೆ ಒಪ್ಪಂದವಾಗಿ, ಭಾರತದ ಉಪಗ್ರಹವನ್ನು ಸೋವಿಯತ್ ರಾಕೆಟ್ಟಿನಲ್ಲಿ ಹಾರಿಸುವುದು ನಿಶ್ಚಯವಾಯಿತು.

ಆರ್ಯಭಟ

ಉಪಗ್ರಹ ನಿರ್ಮಾಣಕ್ಕೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳನ್ನು ಆರಿಸಿಕೊಳ್ಳಲಾಯಿತು. ರಾವ್ ಅವರ ತಂಡದಲ್ಲಿದ್ದ ಬಹುತೇಕರು ಯುವ ಎಂಜಿನಿಯರುಗಳು. ಉಪಗ್ರಹವೊಂದನ್ನು ಹಿಂದೆಂದೂ ನಿರ್ಮಿಸಿದವರಲ್ಲ. ಧೂಳಿಲ್ಲದ ಕೊಠಡಿಗಳು, ನಿರ್ವಾತದಲ್ಲಿಯೂ ತೀವ್ರ ಶಾಖ ಮತ್ತು ಚಳಿಯಲ್ಲಿಯೂ ಭಾಗಗಳನ್ನು ಪರೀಕ್ಷಿಸುವ ವ್ಯವಸ್ಥೆಗಳು, ಹೀಗೆ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಯಿತು. ಒಮ್ಮೆ ಮೇಲೇರಿದ ಉಪಕರಣವನ್ನು ಮತ್ತೆ ಮುಟ್ಟಿ ಸರಿಪಡಿಸಲು ಬರುವುದಿಲ್ಲ. ಆದ್ದರಿಂದ ಪ್ರತಿಯೊಂದು ಭಾಗವನ್ನೂ ನೆಲದ ಮೇಲೆಯೇ ಪರೀಕ್ಷಿಸಿ ನೋಡುವುದು ಈ ಕೆಲಸದ ಮೊದಲ ಪಾಠ.

ಸುಮಾರು 360 ಕಿ.ಗ್ರಾಂ. ತೂಕದ, 26 ಮುಖಗಳ ಆರ್ಯಭಟವು 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್ ನೆಲೆಯಿಂದ ಕಕ್ಷೆ ಸೇರಿತು. ಕ್ಷ-ಕಿರಣ ಖಗೋಳವಿಜ್ಞಾನ, ಸೌರ ಭೌತವಿಜ್ಞಾನ ಮತ್ತು ಮೇಲಿನ ವಾತಾವರಣದ ಅಧ್ಯಯನಕ್ಕಾಗಿ ಅದರಲ್ಲಿ ಮೂರು ಬಗೆಯ ಉಪಕರಣಗಳಿದ್ದುವು. ಆದರೆ ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಈ ಪ್ರಯೋಗಗಳು ನಿಂತುಹೋದುವು. ವಿಜ್ಞಾನಿಯಾಗಿ ರಾವ್ ಅವರು ಬಯಸಿದ್ದ ಫಲಿತಾಂಶಗಳು ಹೀಗೆ ಪೂರ್ಣವಾಗಿ ಕೈಗೂಡಲಿಲ್ಲ. ಆದರೂ ಉಪಗ್ರಹವನ್ನು ರೂಪಿಸುವ, ನಿಯಂತ್ರಿಸುವ ಮತ್ತು ಅದರಿಂದ ಸಂಕೇತ ಪಡೆಯುವ ವಿದ್ಯೆ ದೇಶಕ್ಕೆ ದಕ್ಕಿತು. ಆರ್ಯಭಟದ ಚಿತ್ರವು ಎರಡು ರೂಪಾಯಿಯ ನೋಟಿನ ಮೇಲೆಯೂ ಅಚ್ಚಾಯಿತು. 1976ರಲ್ಲಿ ಭಾರತ ಸರ್ಕಾರವು ರಾವ್ ಅವರಿಗೆ ಪದ್ಮಭೂಷಣ ಪ್ರಶಸ್ತಿ ನೀಡಿತು.

ನಂತರದ ಉಪಗ್ರಹಗಳು

ಪೀಣ್ಯದಲ್ಲಿ ಆರಂಭವಾದ ಕೆಲಸವು ಇಸ್ರೋ ಉಪಗ್ರಹ ಕೇಂದ್ರವಾಗಿ ಬೆಳೆಯಿತು. ರಾವ್ ಅವರ ನಿರ್ದೇಶನದಲ್ಲಿ ಭೂಮಿಯನ್ನು ವೀಕ್ಷಿಸುವ ಭಾಸ್ಕರ–1 (7 ಜೂನ್ 1979) ಮತ್ತು ಭಾಸ್ಕರ–2 (20 ನವೆಂಬರ್ 1981) ಸಿದ್ಧವಾದುವು. 1981ರ ಜೂನ್ 19ರಂದು ಉಡಾವಣೆಗೊಂಡ ಆ್ಯಪಲ್ ಭಾರತದ ಮೊದಲ ಪ್ರಾಯೋಗಿಕ ಸಂಪರ್ಕ ಉಪಗ್ರಹ. ಲೋಹದ ವಾಹನದಿಂದ ಸಂಕೇತಗಳಿಗೆ ಅಡ್ಡಿಯಾಗದಿರಲೆಂದು, ಆಂಟೆನಾ ಪರೀಕ್ಷೆಯ ಸಮಯದಲ್ಲಿ ಅದನ್ನು ಮರದ ಎತ್ತಿನ ಗಾಡಿಯ ಮೇಲೆ ಇರಿಸಲಾಗಿತ್ತು. ಆ ಛಾಯಾಚಿತ್ರ ಲೋಕಪ್ರಸಿದ್ಧವಾಯಿತು. ಕಕ್ಷೆ ಸೇರಿದ ಬಳಿಕ ಆ್ಯಪಲ್‌ನ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳದಿದ್ದರೂ ಸುಮಾರು ಎರಡು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಬಳಸಲಾಯಿತು.

ಬಿಜಾಪುರ ಜಿಲ್ಲೆಯ ಹಳ್ಳಿಗಳು ಮತ್ತು ಉಪಗ್ರಹ

ಉಪಗ್ರಹದ ಪ್ರಯೋಜನ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಮೊದಲು ಪರಿಚಯವಾದದ್ದು ಅಮೆರಿಕದ ಉಪಗ್ರಹವೊಂದರ ಮೂಲಕ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ನಡೆಸಿದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಒಳಗೊಂಡಿತ್ತು. ಕರ್ನಾಟಕದಲ್ಲಿ ಇದಕ್ಕೆ ಆರಿಸಿದ್ದು ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಆಗ ಬಿಜಾಪುರ ಜಿಲ್ಲೆಯ ತಾಲ್ಲೂಕುಗಳಾಗಿದ್ದುವು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನ ಜನರಿಗೆ ಕಾರ್ಯಕ್ರಮಗಳು ಪ್ರಸಾರವಾಗುತ್ತಿದ್ದುವು. ಒಂದು ವರ್ಷದ ಅವಧಿ ಮುಗಿದೊಡನೆ ಉಪಗ್ರಹವನ್ನು ಹಿಂದಕ್ಕೆ ಸಾಗಿಸಲಾಯಿತು, ಪ್ರಸಾರವೂ ನಿಂತಿತು. ಎರವಲು ಉಪಗ್ರಹದಿಂದ ದೊರೆತ ಸೌಲಭ್ಯ ಎಷ್ಟು ದಿನದ್ದು ಎಂಬುದಕ್ಕೆ ಇದೊಂದು ನಿದರ್ಶನ.

ಈ ಕೊರತೆಯನ್ನು ನೀಗಿಸುವ ಕೆಲಸದಲ್ಲಿ ರಾವ್ ಅವರ ಪಾಲು ದೊಡ್ಡದು. ಇನ್‌ಸ್ಯಾಟ್–1 ಸರಣಿಯ ಉಪಗ್ರಹಗಳನ್ನು ಅಮೆರಿಕದಲ್ಲಿ ನಿರ್ಮಿಸಲಾಗಿತ್ತು. ರಾವ್ ಅವರ ಅಧ್ಯಕ್ಷತೆಯ ಕಾಲದಲ್ಲಿ, 1992ರ ಜುಲೈ 10ರಂದು ಉಡಾವಣೆಗೊಂಡ ಇನ್‌ಸ್ಯಾಟ್–2ಎ ಬೆಂಗಳೂರಿನಲ್ಲಿಯೇ ನಿರ್ಮಾಣವಾಯಿತು. ಅದಕ್ಕೂ ಮೊದಲು, 1988ರ ಮಾರ್ಚ್ 17ರಂದು, ದೂರಸಂವೇದಿ ಉಪಗ್ರಹ ಐಆರ್‌ಎಸ್–1ಎ ಕಕ್ಷೆ ಸೇರಿತ್ತು. ಉಪಗ್ರಹ ಚಿತ್ರಗಳ ಆಧಾರದ ಮೇಲೆ ಅಂತರ್ಜಲ ದೊರೆಯಬಹುದಾದ ಜಾಗಗಳ ನಕ್ಷೆಗಳನ್ನು ಜಿಲ್ಲಾವಾರು ಸಿದ್ಧಪಡಿಸಲಾಯಿತು. ಮಳೆ ಕಡಿಮೆಯಿರುವ, ಕಪ್ಪುಮಣ್ಣಿನ ಅಡಿಯಲ್ಲಿ ಗಟ್ಟಿ ಕಪ್ಪುಶಿಲೆಯುಳ್ಳ ಈ ಭಾಗದಲ್ಲಿ ನೀರು ನಿಲ್ಲುವುದು ಶಿಲೆಯ ಬಿರುಕುಗಳಲ್ಲಿ ಮತ್ತು ಶಿಥಿಲಗೊಂಡ ಪದರಗಳಲ್ಲಿ. ನೆಲದ ಮೇಲೆ ನಿಂತವರಿಗೆ ಕಾಣದ ಉದ್ದನೆಯ ಬಿರುಕುಗಳ ಜಾಡು ಮೇಲಿನಿಂದ ತೆಗೆದ ಚಿತ್ರದಲ್ಲಿ ತೋರುತ್ತದೆ. ಬರ, ನೀರು ಮತ್ತು ಕೃಷಿಗೆ ಉಪಗ್ರಹ ನೆರವಾಗಬೇಕೆಂಬುದು ರಾವ್ ಅವರ ದೃಢವಾದ ನಿಲುವಾಗಿತ್ತು.

ಇಸ್ರೋ ಅಧ್ಯಕ್ಷತೆ

ಅಧ್ಯಕ್ಷರಾಗಿ ರಾವ್ ಅವರ ದಶಕ ಸುಗಮವಾಗಿರಲಿಲ್ಲ. ಎಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಎರಡು ಉಡಾವಣೆಗಳು (1987ರ ಮಾರ್ಚ್ ಮತ್ತು 1988ರ ಜುಲೈ) ವಿಫಲವಾದುವು. ದೋಷಗಳನ್ನು ಹುಡುಕಿ ತಿದ್ದಿದ ಬಳಿಕ 1992ರ ಮೇ ತಿಂಗಳಲ್ಲಿ ಮೂರನೆಯ ಉಡಾವಣೆ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. 1993ರ ಸೆಪ್ಟೆಂಬರ್ 20ರಂದು ಪಿಎಸ್‌ಎಲ್‌ವಿಯ ಮೊದಲ ಉಡಾವಣೆಯೂ ವಿಫಲವಾಯಿತು. ಅದು ಯಶಸ್ಸು ಕಂಡದ್ದು 1994ರ ಅಕ್ಟೋಬರಿನಲ್ಲಿ, ರಾವ್ ಅವರು ಅಧಿಕಾರ ಬಿಟ್ಟುಕೊಟ್ಟ ಮೇಲೆ. ಮುಂದೆ ಚಂದ್ರ ಮತ್ತು ಮಂಗಳ ಯಾನಗಳಿಗೆ ವಾಹನವಾದುದು ಇದೇ ರಾಕೆಟ್ಟು.

ಹಿಮಶೀತಲ ಇಂಧನದ ಎಂಜಿನ್ ತಂತ್ರಜ್ಞಾನಕ್ಕಾಗಿ 1991ರಲ್ಲಿ ಸೋವಿಯತ್ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದವು ಅಮೆರಿಕದ ವಿರೋಧ ಮತ್ತು ನಿರ್ಬಂಧಗಳಿಗೆ ಸಿಲುಕಿತು. ಆದಾಗ್ಯೂ ಎಂಜಿನನ್ನು ಸ್ವದೇಶದಲ್ಲಿ ಅಭಿವೃದ್ಧಿಪಡಿಸುವ ಕೆಲಸ ಮುಂದುವರಿಯಿತು. ಇಸ್ರೋದ ವಾಣಿಜ್ಯ ಶಾಖೆಯಾದ ಆ್ಯಂಟ್ರಿಕ್ಸ್ 1992ರಲ್ಲಿ ಸ್ಥಾಪನೆಗೊಂಡಿತು. 1994ರಲ್ಲಿ ಕೆ. ಕಸ್ತೂರಿರಂಗನ್ ಅವರು ರಾವ್ ಅವರ ಉತ್ತರಾಧಿಕಾರಿಯಾದರು.

ನಂತರದ ವರ್ಷಗಳು

ನಿವೃತ್ತಿಯ ನಂತರ ರಾವ್ ಅವರು ಭೌತ ಸಂಶೋಧನಾ ಪ್ರಯೋಗಾಲಯದ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ವಿಶ್ವಕಿರಣಗಳ ಮೇಲಿನ ಆಸಕ್ತಿಯನ್ನೂ ಅವರು ಕೈಬಿಡಲಿಲ್ಲ. 2011ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ, ದೀರ್ಘಕಾಲದಲ್ಲಿ ವಿಶ್ವಕಿರಣಗಳ ಪ್ರಮಾಣ ತಗ್ಗಿರುವುದರಿಂದ ಮೋಡಗಳು ಕಡಿಮೆಯಾಗಿ, ಭೂಮಿಯ ತಾಪ ಏರಿಕೆಗೆ ಅದೂ ಗಣನೀಯ ಕಾರಣವಾಗಿದೆ ಎಂದು ವಾದಿಸಿದರು. ಈ ವಾದವು ಚರ್ಚೆಗೆ ಕಾರಣವಾಯಿತು. ತಾಪ ಏರಿಕೆಗೆ ಮಾನವನಿಂದ ಹೊರಬೀಳುವ ಹಸಿರುಮನೆ ಅನಿಲಗಳೇ ಪ್ರಧಾನ ಕಾರಣವೆಂದು ತಿಳಿಯುವ ಹವಾಮಾನ ವಿಜ್ಞಾನಿಗಳು ಇದನ್ನು ಸಾಮಾನ್ಯವಾಗಿ ಒಪ್ಪಿಲ್ಲ.

ಇಸ್ರೋದ ಬಾಹ್ಯಾಕಾಶ ವಿಜ್ಞಾನ ಸಲಹಾ ಸಮಿತಿಗೂ ರಾವ್ ಅವರು ಅಧ್ಯಕ್ಷರಾಗಿದ್ದರು. ವೈಜ್ಞಾನಿಕ ಯಾನಗಳ ಉದ್ದೇಶಗಳನ್ನೂ ಉಪಕರಣಗಳನ್ನೂ ಪರಿಶೀಲಿಸುವುದು ಈ ಸಮಿತಿಯ ಕೆಲಸ. 2013ರ ನವೆಂಬರ್ 5ರಂದು ಹೊರಟು 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದ ಮಂಗಳಯಾನವು ಒಟ್ಟು ಸುಮಾರು 15 ಕಿ.ಗ್ರಾಂ. ತೂಕದ ಐದು ಉಪಕರಣಗಳನ್ನು ಒಯ್ದಿತ್ತು. ಮ್ಯಾರಿನರ್–2 ಶುಕ್ರನನ್ನು ಹಾದುಹೋಗಿ ಆಗ ಅರ್ಧ ಶತಮಾನ ಕಳೆದಿತ್ತು.

ಪ್ರಶಸ್ತಿ, ನಿಧನ ಮತ್ತು ಸ್ಮರಣೆ

2013ರಲ್ಲಿ ವಾಷಿಂಗ್ಟನ್ನಿನಲ್ಲಿ ಉಪಗ್ರಹ ಕ್ಷೇತ್ರದ ಗೌರವ ಪಂಕ್ತಿಗೆ ಸೇರ್ಪಡೆಯಾದ ಮೊದಲ ಭಾರತೀಯ ರಾವ್ ಅವರು. 2016ರಲ್ಲಿ ಅಂತರರಾಷ್ಟ್ರೀಯ ಗಗನಯಾನ ಒಕ್ಕೂಟವೂ ಇಂತಹದೇ ಗೌರವ ಸಲ್ಲಿಸಿತು. 2017ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. ಅದೇ ವರ್ಷ ಜುಲೈ 24ರಂದು ಬೆಂಗಳೂರಿನಲ್ಲಿ, 85ನೆಯ ವಯಸ್ಸಿನಲ್ಲಿ ಅವರು ನಿಧನರಾದರು. 2018ರ ಏಪ್ರಿಲಿನಲ್ಲಿ ಇಸ್ರೋ ಉಪಗ್ರಹ ಕೇಂದ್ರಕ್ಕೆ ಯು. ಆರ್. ರಾವ್ ಉಪಗ್ರಹ ಕೇಂದ್ರ ಎಂದು ಹೆಸರಿಡಲಾಯಿತು.

2023ರ ಸೆಪ್ಟೆಂಬರ್ 2ರಂದು ಉಡಾವಣೆಗೊಂಡ ಸೂರ್ಯ ವೀಕ್ಷಣಾ ನೌಕೆ ಆದಿತ್ಯ–ಎಲ್1 ಸಿದ್ಧಗೊಂಡದ್ದು ಇದೇ ಕೇಂದ್ರದಲ್ಲಿ. ಸೌರಮಾರುತದ ಕಣಗಳು ಯಾವ ದಿಕ್ಕಿನಿಂದ, ಎಷ್ಟು ಶಕ್ತಿಯೊಡನೆ ಬರುತ್ತವೆ ಎಂಬುದನ್ನು ಅಳೆಯಲು ಅದರಲ್ಲಿರುವ ಉಪಕರಣವನ್ನು ರೂಪಿಸಿದ್ದು ರಾವ್ ಅವರು ಸಂಶೋಧನೆ ಆರಂಭಿಸಿದ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ.